ಕ್ರೀಡಾಂಗಣದ ಬಾಗಿಲು ತೆರೆದ ಯೂನಿಸ್ ಶ್ರೈವರ್

ಒಂದು ಮನೆಯ ದುಃಖ ಆ ಮನೆಯ ಗೋಡೆಗಳ ನಡುವೆಯೇ ಉಳಿದು, ಕಾಲಕ್ರಮದಲ್ಲಿ ಮರೆಯಾಗಿ ಹೋಗುವುದು ಲೋಕರೂಢಿ. ಅಪರೂಪಕ್ಕೊಮ್ಮೆ ಅದು ಗೋಡೆಯನ್ನು ದಾಟಿ ಹರಿದು, ಕಂಡರಿಯದ ಹೊಲಗಳಿಗೂ ನೀರಾಗುವುದುಂಟು. ಶ್ರೀಮತಿ ಯೂನಿಸ್ ಕೆನೆಡಿ ಶ್ರೈವರ್ ಅವರ ಬಾಳು ಅಂಥದು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನೆಡಿಯವರ ತಂಗಿ ಎಂದು ಅವರನ್ನು ಪರಿಚಯಿಸುವುದು ವಾಡಿಕೆ. ಆದರೆ ಅವರ ಜೀವನದ ದಿಕ್ಕನ್ನು ನಿರ್ಧರಿಸಿದ್ದು ಅಣ್ಣನ ಅಧಿಕಾರಕ್ಕಿಂತ ಮಿಗಿಲಾಗಿ ಅಕ್ಕನ ಅಸಹಾಯಕತೆ. ಬುದ್ಧಿಯ ಬೆಳವಣಿಗೆ ಕುಂಠಿತಗೊಂಡ ಮಕ್ಕಳನ್ನು ಆಟದ ಬಯಲಿಗೆ ಕರೆತಂದು, ಅವರ ಪಕ್ಕದಲ್ಲಿ ತರುಣ ತರುಣಿಯರನ್ನು ನಿಲ್ಲಿಸಿ, ಇಬ್ಬರನ್ನೂ ಒಟ್ಟಿಗೆ ಆಡಿಸಿದ ಈ ಮಹಿಳೆಯ ಚರಿತ್ರೆ, ಮಕ್ಕಳಿಗೆ ಪಾಠ ಹೇಳುವವರಿಗೂ ಶಾಲೆಗಳನ್ನು ಕಟ್ಟಿ ಬೆಳೆಸುವವರಿಗೂ ಮನನಯೋಗ್ಯವಾದುದು.

ಜನನ ಮತ್ತು ಮನೆತನ

ಯೂನಿಸ್ ಅವರು 1921ನೆಯ ಇಸವಿ ಜುಲೈ 10ರಂದು ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜೋಸೆಫ್ ಕೆನೆಡಿ ದೊಡ್ಡ ಉದ್ಯಮಿ. 1938ರಿಂದ 1940ರವರೆಗೆ ಬ್ರಿಟನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ತಾಯಿ ರೋಸ್ ಅವರು ಬಾಸ್ಟನ್ ನಗರದ ಮೇಯರರಾಗಿದ್ದವರ ಮಗಳು, ದೈವಭಕ್ತೆ. ಒಂಬತ್ತು ಮಕ್ಕಳ ಆ ತುಂಬು ಸಂಸಾರದಲ್ಲಿ ಯೂನಿಸ್ ಐದನೆಯವರು. ಜಾನ್ ಅವರಿಗಿಂತ ಹಿರಿಯ. ಮುಂದೆ ಅಮೆರಿಕದ ರಾಜಕೀಯದಲ್ಲಿ ಹೆಸರು ಮಾಡಿದ ರಾಬರ್ಟ್ ಮತ್ತು ಎಡ್ವರ್ಡ್ ಕಿರಿಯರು.

ಆ ಮನೆಯಲ್ಲಿ ಆಟವೆಂಬುದು ಊಟದಷ್ಟೇ ನಿತ್ಯದ ಸಂಗತಿ. ಸಮುದ್ರತೀರದ ಹೈಯಾನಿಸ್ ಪೋರ್ಟಿನಲ್ಲಿದ್ದ ಅವರ ಬೇಸಿಗೆಯ ಮನೆಯಲ್ಲಿ ಈಜು, ಹಾಯಿದೋಣಿಯ ಸ್ಪರ್ಧೆ, ಟೆನಿಸ್, ಚೆಂಡಾಟಗಳು ಹಗಲೆಲ್ಲ ನಡೆಯುತ್ತಿದ್ದವು. ಮಕ್ಕಳು ಸ್ಪರ್ಧಿಸಬೇಕು, ಸ್ಪರ್ಧಿಸಿದ ಮೇಲೆ ಗೆಲ್ಲಬೇಕು ಎಂಬುದು ತಂದೆಯ ಅಪೇಕ್ಷೆ. ಹೀಗೆ ಗೆಲುವನ್ನೇ ಬಯಸುತ್ತಿದ್ದ ಮನೆಯಲ್ಲಿ, ಎಲ್ಲರೊಡನೆ ಹೆಜ್ಜೆ ಹಾಕಲಾರದೆ ಹಿಂದುಳಿಯುತ್ತಿದ್ದ ಮಗುವೊಂದಿತ್ತು.

ಅಕ್ಕ ರೋಸ್‌ಮೇರಿ

ರೋಸ್‌ಮೇರಿ ಆ ದಂಪತಿಗಳ ಮೂರನೆಯ ಮಗು. 1918ರ ಸೆಪ್ಟೆಂಬರ್ 13ರಂದು ಹುಟ್ಟಿದವಳು. ನಡೆಯುವುದು, ಮಾತನಾಡುವುದು, ಅಕ್ಷರ ಕಲಿಯುವುದು ಎಲ್ಲವೂ ಅವಳಿಗೆ ತಡವಾಯಿತು. ಶಾಲೆಯಿಂದ ಶಾಲೆಗೆ ಸೇರಿಸಿದರೂ ತರಗತಿಯ ಪಾಠ ಹತ್ತಲಿಲ್ಲ. ಆದರೆ ಅವಳು ನಗುಮುಖದ, ಸ್ನೇಹಶೀಲ ಹುಡುಗಿ. ನೃತ್ಯ, ಈಜು ಎಂದರೆ ಅಚ್ಚುಮೆಚ್ಚು. ಮನೆಯ ಮಕ್ಕಳಲ್ಲಿ ಅವಳಿಗೆ ಬಹಳವಾಗಿ ಒದಗಿ ಬಂದವರು ಮೂರು ವರ್ಷ ಕಿರಿಯಳಾದ ಯೂನಿಸ್. ಹಾಯಿದೋಣಿಯ ಸ್ಪರ್ಧೆಗೆ ಹೋಗುವಾಗ ಅಕ್ಕನನ್ನು ಜೊತೆಗೆ ಹತ್ತಿಸಿಕೊಂಡು ಅವಳ ಕೈಗೂ ಒಂದು ಕೆಲಸ ಕೊಡುತ್ತಿದ್ದರು. ಹೇಗೆ ಮಾಡಬೇಕೆಂದು ಬಿಡಿಸಿ ಹೇಳಿದರೆ ಅವಳು ಅದನ್ನು ಮಾಡಬಲ್ಲಳು ಎಂಬುದನ್ನು ತಂಗಿ ಅಲ್ಲಿಯೇ ಕಂಡುಕೊಂಡರು. ಮುಂದೆ ಲೋಕಕ್ಕೆ ಸಾರಿದ ತತ್ತ್ವದ ಮೊದಲ ಪಾಠ ಅವರಿಗೆ ದೊರೆತದ್ದು ಆ ದೋಣಿಯಲ್ಲಿ.

ತಂದೆ ಲಂಡನ್ನಿನಲ್ಲಿದ್ದ ಕಾಲದಲ್ಲಿ ರೋಸ್‌ಮೇರಿಯನ್ನು ಮಾಂಟೆಸೊರಿ ಪದ್ಧತಿಯ ಶಾಲೆಯೊಂದಕ್ಕೆ ಸೇರಿಸಲಾಯಿತು. ಮಾರಿಯಾ ಮಾಂಟೆಸೊರಿಯವರು ತಮ್ಮ ಶಿಕ್ಷಣ ಪದ್ಧತಿಯನ್ನು ಮೊದಲು ರೂಪಿಸಿದ್ದು ರೋಮ್ ನಗರದ ಬುದ್ಧಿಮಾಂದ್ಯ ಮಕ್ಕಳ ನಡುವೆ ಎಂಬುದನ್ನು ಶಿಕ್ಷಕ ಬಂಧುಗಳು ಬಲ್ಲರು. ಆ ಶಾಲೆಯ ಶಾಂತ ವಾತಾವರಣದಲ್ಲಿ ರೋಸ್‌ಮೇರಿ ಅರಳಿದಳು. ಆದರೆ ಎರಡನೆಯ ಮಹಾಯುದ್ಧ ಕುಟುಂಬವನ್ನು ಮತ್ತೆ ಅಮೆರಿಕಕ್ಕೆ ಕಳುಹಿಸಿತು; ಒಗ್ಗಿದ ಶಾಲೆ ಕೈತಪ್ಪಿತು; ಅವಳ ಮನಸ್ಸು ಕೆರಳತೊಡಗಿತು.

1941ರ ನವೆಂಬರಿನಲ್ಲಿ, ತಂದೆಯ ನಿರ್ಧಾರದಂತೆ, ಅವಳ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲೋಬೊಟಮಿ ಎಂಬ ಶಸ್ತ್ರಚಿಕಿತ್ಸೆಯನ್ನು ಮಾಡಿಸಲಾಯಿತು. ಕೆರಳಿದ ಮನಸ್ಸನ್ನು ತಣಿಸುವ ನವೀನ ವಿದ್ಯೆಯೆಂದು ಆಗ ಅದಕ್ಕೆ ಬಹಳ ಮನ್ನಣೆಯಿತ್ತು; ಅದನ್ನು ಆರಂಭಿಸಿದ ವೈದ್ಯರಿಗೆ 1949ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ರೋಸ್‌ಮೇರಿಯ ಪಾಲಿಗೆ ಮಾತ್ರ ಅದು ಘೋರವಾಯಿತು. ಇಪ್ಪತ್ಮೂರರ ತರುಣಿ ನಡೆಯುವ ಶಕ್ತಿಯನ್ನೂ ಮಾತನಾಡುವ ಶಕ್ತಿಯನ್ನೂ ಕಳೆದುಕೊಂಡಳು. ಮುಂದೆ ನಡಿಗೆ ಒಂದಿಷ್ಟು ಮರಳಿತಾದರೂ ಮೊದಲಿನ ರೋಸ್‌ಮೇರಿ ಮರಳಲಿಲ್ಲ. 1949ರಲ್ಲಿ ಆಕೆಯನ್ನು ವಿಸ್ಕಾನ್ಸಿನ್ ರಾಜ್ಯದ ಜೆಫರ್ಸನ್ ಊರಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮಕ್ಕೆ ಸೇರಿಸಲಾಯಿತು. ಲೋಕದ ಮುಂದೆ ಸದಾ ಬೆಳಗುತ್ತಿದ್ದ ಮನೆತನವು ಈ ಮಗಳ ವಿಷಯದಲ್ಲಿ ದೀರ್ಘಕಾಲ ಮೌನವನ್ನೇ ಹೊದ್ದುಕೊಂಡಿತು.

ವ್ಯಾಸಂಗ ಮತ್ತು ಸಮಾಜಸೇವೆ

ಯೂನಿಸ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರವನ್ನು ವ್ಯಾಸಂಗ ಮಾಡಿ 1943ರಲ್ಲಿ ಪದವಿ ಪಡೆದರು. ಶರೀರ ಕೃಶ, ಆರೋಗ್ಯ ಅಷ್ಟಕ್ಕಷ್ಟೆ; ಆದರೂ ಕ್ರೀಡೆಗಳಲ್ಲಿ ಮುಂದು. ಸಿರಿವಂತರ ಮನೆಯ ಮಗಳಾದರೂ ಅವರು ಆರಿಸಿಕೊಂಡದ್ದು ಸುಖದ ಹಾದಿಯನ್ನಲ್ಲ. ಬಾಲಾಪರಾಧವನ್ನು ತಡೆಯುವ ಸರಕಾರಿ ಕಾರ್ಯದಲ್ಲಿ ದುಡಿದರು. 1950ರಲ್ಲಿ ಪಶ್ಚಿಮ ವರ್ಜೀನಿಯಾದ ಆಲ್ಡರ್ಸನ್ ಮಹಿಳಾ ಕಾರಾಗೃಹದಲ್ಲಿ ಸಮಾಜಸೇವಕಿಯಾಗಿದ್ದರು. ಅಲ್ಲಿಂದ ಶಿಕಾಗೊ ನಗರಕ್ಕೆ ಹೋಗಿ ಬಾಲಾಪರಾಧಿಗಳ ನ್ಯಾಯಾಲಯದಲ್ಲಿಯೂ ಹೆಣ್ಣುಮಕ್ಕಳ ಆಶ್ರಯಗೃಹದಲ್ಲಿಯೂ ಸೇವೆ ಸಲ್ಲಿಸಿದರು. ಸಮಾಜವು ಕಣ್ಣಿಗೆ ಕಾಣದಂತೆ ಕೂಡಿಹಾಕಿದ ಮನುಷ್ಯರನ್ನು ಹತ್ತಿರದಿಂದ ನೋಡುವ ಅಭ್ಯಾಸ ಅವರಿಗೆ ಆ ದಿನಗಳಲ್ಲಿ ಬಂದಿತು.

1953ರ ಮೇ 23ರಂದು ಸಾರ್ಜೆಂಟ್ ಶ್ರೈವರ್ ಅವರೊಡನೆ ವಿವಾಹವಾಯಿತು. ಇವರು 1961ರಲ್ಲಿ, ಅಮೆರಿಕದ ತರುಣರನ್ನು ಸೇವೆಗಾಗಿ ಹೊರದೇಶಗಳಿಗೆ ಕಳುಹಿಸಿದ ಪೀಸ್ ಕೋರ್ ಸಂಸ್ಥೆಯ ಪ್ರಥಮ ನಿರ್ದೇಶಕರಾದವರು. ಯುವಜನರ ಕೈಗೆ ಹೊಣೆ ಕೊಟ್ಟರೆ ಅವರು ಅದನ್ನು ಹೊರುತ್ತಾರೆಂಬ ನಂಬಿಕೆ ಗಂಡಹೆಂಡಿರಿಬ್ಬರದೂ. ಐವರು ಮಕ್ಕಳನ್ನು ಪಡೆದ ಈ ದಂಪತಿಗಳ ಮನೆ ಸದಾ ಜನರಿಂದ ತುಂಬಿ ಗಿಜಿಗುಡುತ್ತಿತ್ತು.

ಮೌನ ಮುರಿದ ಲೇಖನ

ಯುದ್ಧದಲ್ಲಿ ಮಡಿದ ಹಿರಿಯ ಮಗನ ಹೆಸರಿನಲ್ಲಿ ಜೋಸೆಫ್ ಕೆನೆಡಿಯವರು 1946ರಲ್ಲಿ ಒಂದು ಧರ್ಮದತ್ತಿಯನ್ನು ಸ್ಥಾಪಿಸಿದ್ದರು. 1957ರಲ್ಲಿ ಅದರ ಹೊಣೆ ಯೂನಿಸ್ ಅವರ ಹೆಗಲಿಗೆ ಬಂತು. ಅವರು ಪತಿಯೊಡನೆ ದೇಶದ ಅನೇಕ ಸಂಸ್ಥೆಗಳನ್ನು ಕಣ್ಣಾರೆ ಕಂಡರು. ಆ ಕಾಲದಲ್ಲಿ ಸುಮಾರು ಎರಡು ಲಕ್ಷ ಮಂದಿ ಬುದ್ಧಿಮಾಂದ್ಯರು ಅಮೆರಿಕದ ಸರಕಾರಿ ಆಶ್ರಯಗೃಹಗಳಲ್ಲಿದ್ದರು. ಕಿಕ್ಕಿರಿದ ಕೊಠಡಿಗಳು, ದಿನವೆಲ್ಲ ಮಾಡಲು ಕೆಲಸವಿಲ್ಲ, ಆಡಲು ಆಟವಿಲ್ಲ. ಧರ್ಮದತ್ತಿಯ ಹಣವನ್ನು ಕೇವಲ ಕಟ್ಟಡಗಳಿಗೆ ವ್ಯಯಿಸದೆ, ಸಂಶೋಧನೆ, ಶಿಕ್ಷಣ ಹಾಗೂ ತರಬೇತಿಗೆ ವಿನಿಯೋಗಿಸಬೇಕೆಂದು ಅವರು ನಿಶ್ಚಯಿಸಿದರು. ದಾನಿಗಳು ಗಮನಿಸತಕ್ಕ ಮಾತಿದು.

ಅಣ್ಣ ಅಧ್ಯಕ್ಷರಾದ ವರ್ಷವೇ, ಅಂದರೆ 1961ರಲ್ಲಿ, ತಂಗಿಯ ಒತ್ತಾಯದಿಂದ ಈ ಸಮಸ್ಯೆಯ ಅಧ್ಯಯನಕ್ಕೆ ಒಂದು ತಜ್ಞಮಂಡಲಿ ನೇಮಕವಾಯಿತು. ಮಕ್ಕಳ ಆರೋಗ್ಯ ಮತ್ತು ಬೆಳವಣಿಗೆಯ ಕುರಿತ ರಾಷ್ಟ್ರೀಯ ಸಂಶೋಧನ ಸಂಸ್ಥೆ 1962ರಲ್ಲಿ ಸ್ಥಾಪನೆಗೊಂಡಿತು. 1963ರ ಅಕ್ಟೋಬರಿನಲ್ಲಿ ಎರಡು ಮಹತ್ತ್ವದ ಶಾಸನಗಳಿಗೆ ಅಧ್ಯಕ್ಷರ ಅಂಕಿತ ಬಿತ್ತು. ಮುಂದಿನ ತಿಂಗಳೇ ಆ ಅಧ್ಯಕ್ಷರು ಹಂತಕನ ಗುಂಡಿಗೆ ಬಲಿಯಾದರು.

ಇವೆಲ್ಲಕ್ಕಿಂತ ಧೈರ್ಯ ಬೇಡಿದ ಕಾರ್ಯವೊಂದನ್ನು ಯೂನಿಸ್ ಅವರು 1962ರ ಸೆಪ್ಟೆಂಬರಿನಲ್ಲಿ ಮಾಡಿದರು. ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಎಂಬ ಜನಪ್ರಿಯ ವಾರಪತ್ರಿಕೆಯಲ್ಲಿ ಲೇಖನ ಬರೆದು, ತಮ್ಮ ಅಕ್ಕ ಬುದ್ಧಿಮಾಂದ್ಯಳೆಂಬ ಸಂಗತಿಯನ್ನು ದೇಶದ ಮುಂದಿಟ್ಟರು. ಶಸ್ತ್ರಚಿಕಿತ್ಸೆಯ ಕಥೆ ಅದರಲ್ಲಿರಲಿಲ್ಲ. ಅಷ್ಟರಮಟ್ಟಿಗೆ ಮನೆತನದ ಮರೆ ಇನ್ನೂ ಉಳಿದೇ ಇತ್ತು. ಆದರೂ ಅಧ್ಯಕ್ಷರ ಮನೆಯಲ್ಲಿಯೂ ಇಂಥ ಮಗುವುಂಟೆಂದು ತಿಳಿದಾಗ, ತಮ್ಮ ಮಗುವನ್ನು ನಾಚಿಕೆಯಿಂದ ಒಳಕೋಣೆಯಲ್ಲಿರಿಸಿದ್ದ ಸಾವಿರಾರು ತಾಯಿತಂದೆಗಳಿಗೆ ತಲೆ ಎತ್ತುವ ಬಲ ಬಂತು.

ಮನೆಯಂಗಳದ ಶಿಬಿರ

ಅದೇ ವರ್ಷದ ಜೂನ್ ತಿಂಗಳಲ್ಲಿ ನಡೆದ ಒಂದು ಪ್ರಯೋಗ ಅವರ ಜೀವನದ ಹೃದಯಭಾಗವೆನ್ನಬೇಕು. ಅಮೆರಿಕದ ಮಕ್ಕಳಿಗೆ ಬೇಸಿಗೆಯ ರಜೆಯೆಂದರೆ ಶಿಬಿರಗಳ ಕಾಲ. ಬುದ್ಧಿಮಾಂದ್ಯ ಮಕ್ಕಳನ್ನು ಮಾತ್ರ ಸಾಮಾನ್ಯವಾಗಿ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಬಿದ್ದಾರು, ಮುಳುಗಿಯಾರು, ಓಡಿಹೋದಾರು ಎಂಬ ಅಂಜಿಕೆ. ಯೂನಿಸ್ ಅವರು ಮೇರಿಲ್ಯಾಂಡ್ ರಾಜ್ಯದ ಟಿಂಬರ್‌ಲಾನ್ ಎಂಬ ತಮ್ಮ ಮನೆಯ ವಿಶಾಲವಾದ ಅಂಗಳವನ್ನೇ ಶಿಬಿರವಾಗಿ ಮಾರ್ಪಡಿಸಿದರು. ಸುಮಾರು ಮೂವತ್ತೈದು ಮಕ್ಕಳು ಬಂದರು.

ಈ ಶಿಬಿರದ ವಿಶೇಷ ಇದ್ದುದು ಅದರ ಮೇಲ್ವಿಚಾರಕರಲ್ಲಿ. ಯೂನಿಸ್ ಅವರು ವೈದ್ಯರನ್ನೂ ದಾದಿಯರನ್ನೂ ಸಾಲಾಗಿ ನಿಲ್ಲಿಸದೆ, ಸುತ್ತಮುತ್ತಲಿನ ಪ್ರೌಢಶಾಲೆ ಹಾಗೂ ಕಾಲೇಜುಗಳ ವಿದ್ಯಾರ್ಥಿ ವಿದ್ಯಾರ್ಥಿನಿಯರನ್ನು ಕರೆಸಿದರು. ಹೆಚ್ಚುಕಡಿಮೆ ಒಂದೊಂದು ಮಗುವಿಗೆ ಒಬ್ಬೊಬ್ಬ ತರುಣ ಸಂಗಾತಿ. ಅವರಲ್ಲಿ ಬಹುಮಂದಿ ಇಂಥ ಮಕ್ಕಳೊಡನೆ ಎಂದೂ ಒಡನಾಡಿದವರಲ್ಲ. ಮೊದಲ ದಿನಗಳ ಅಳುಕು ಇಬ್ಬರ ಕಡೆಯೂ ಇತ್ತು. ಈಜುಕೊಳ, ಕುದುರೆ ಸವಾರಿ, ಚೆಂಡಿನಾಟ, ಮರ ಹತ್ತುವುದು ಇವುಗಳ ನಡುವೆ ಅದು ಕರಗಿತು. ಯೂನಿಸ್ ಅವರು ತಾವೇ ನೀರಿಗಿಳಿದು ಮಕ್ಕಳಿಗೆ ಈಜು ಕಲಿಸುತ್ತಿದ್ದರು. ತಮ್ಮ ಮಕ್ಕಳನ್ನೂ ಅವರೊಡನೆ ಆಡಲು ಬಿಡುತ್ತಿದ್ದರು.

ಈ ಏರ್ಪಾಡಿನಲ್ಲಿ ಆಳವಾದ ವಿವೇಕವಿದೆ. ಮಗುವಿನ ಪಕ್ಕದಲ್ಲಿ ವೈದ್ಯನಿದ್ದರೆ ಅದು ರೋಗಿ. ಕಾವಲುಗಾರನಿದ್ದರೆ ಅದು ಕೈದಿ. ಗೆಳೆಯನಿದ್ದರೆ ಮಾತ್ರ ಅದು ಆಟಗಾರ. ಹದಿನಾರು ಹದಿನೆಂಟರ ವಯಸ್ಸಿನವರಿಗೆ ಇನ್ನೂ ಲೋಕದ ಪೂರ್ವಗ್ರಹಗಳು ಗಟ್ಟಿಯಾಗಿರುವುದಿಲ್ಲ. ಇಂದು ಈ ಮಗುವಿನೊಡನೆ ಆಡಿದ ತರುಣ ನಾಳೆ ಶಿಕ್ಷಕನಾಗುತ್ತಾನೆ, ವೈದ್ಯನಾಗುತ್ತಾನೆ, ತಂದೆಯಾಗುತ್ತಾನೆ. ಆಗ ಅವನು ಕಾಣುವ ದೃಷ್ಟಿಯೇ ಬೇರೆ. ಶಿಬಿರ ವರ್ಷವರ್ಷವೂ ನಡೆಯಿತು. ಅದರ ಮಾದರಿಯಲ್ಲಿ ಬೇರೆಡೆ ಶಿಬಿರ ನಡೆಸುವವರಿಗೆ ಧರ್ಮದತ್ತಿಯಿಂದ ನೆರವು ದೊರೆಯಿತು.

ಇದೇ ವೇಳೆಗೆ ಕೆನಡಾದ ಟೊರಾಂಟೊದಲ್ಲಿ ಫ್ರ್ಯಾಂಕ್ ಹೇಡನ್ ಎಂಬ ವಿದ್ವಾಂಸರು ಈ ಮಕ್ಕಳ ದೈಹಿಕ ಸಾಮರ್ಥ್ಯವನ್ನು ಅಳೆದು ನೋಡಿದ್ದರು. ಈ ಮಕ್ಕಳ ದೇಹ ದುರ್ಬಲವಾಗಿರಲು ಬುದ್ಧಿಯ ಕೊರತೆಯೇ ಕಾರಣವೆಂದು ಎಲ್ಲರೂ ಭಾವಿಸಿದ್ದರು. ಕೂತಲ್ಲೇ ಕೂರಿಸಿ ಆಡಲು ಬಿಡದಿರುವುದೇ ಮುಖ್ಯ ಕಾರಣವೆಂದು ಹೇಡನ್ ತೋರಿಸಿಕೊಟ್ಟರು. ಅಂಗಳದಲ್ಲಿ ಯೂನಿಸ್ ಕಂಡದ್ದನ್ನು ವಿಜ್ಞಾನ ಸಮರ್ಥಿಸಿತು. ಮುಂದೆ ಹೇಡನ್ ಅವರು ಯೂನಿಸ್ ಅವರ ಕಾರ್ಯದಲ್ಲಿಯೇ ಕೈಗೂಡಿಸಿದರು.

ಶಿಕಾಗೊ, 1968

ಶಿಕಾಗೊ ನಗರದ ಉದ್ಯಾನ ಇಲಾಖೆಯಲ್ಲಿ ಆ್ಯನ್ ಮೆಗ್ಲೋನ್ ಎಂಬ ಎಳೆಯ ವಯಸ್ಸಿನ ವ್ಯಾಯಾಮ ಶಿಕ್ಷಕಿ ಇಂಥ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ನಗರದ ಮಟ್ಟದಲ್ಲಿ ಒಂದು ಕ್ರೀಡಾಕೂಟ ನಡೆಸಬೇಕೆಂದು ಅವರು ಧರ್ಮದತ್ತಿಗೆ ಬಿನ್ನವಿಸಿಕೊಂಡರು. ಯೂನಿಸ್ ಅವರು ಆ ಕೋರಿಕೆಯನ್ನು ಒಪ್ಪಿದ್ದಲ್ಲದೆ ಹಿಗ್ಗಿಸಿದರು. ಒಂದು ನಗರಕ್ಕೇಕೆ, ಇಡೀ ದೇಶಕ್ಕೇ ಆಗಲಿ ಎಂದು ಇಪ್ಪತ್ತೈದು ಸಾವಿರ ಡಾಲರುಗಳ ನೆರವನ್ನಿತ್ತರು.

ಸಿದ್ಧತೆ ಮುಗಿಯುತ್ತಿದ್ದ ಹೊತ್ತಿಗೆ, 1968ರ ಜೂನ್ 6ರಂದು, ತಮ್ಮ ರಾಬರ್ಟ್ ಕೂಡ ಹಂತಕನ ಗುಂಡಿನಿಂದ ಅಸುನೀಗಿದರು. ಐದು ವರ್ಷಗಳೊಳಗೆ ಎರಡನೆಯ ಸಾವು. ಕೂಟವನ್ನು ಮುಂದೂಡಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆರು ವಾರಗಳ ತರುವಾಯ, ಜುಲೈ 20ರಂದು, ಅವರು ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ನಿಂತು ಕೂಟವನ್ನು ಉದ್ಘಾಟಿಸಿದರು. ಅಮೆರಿಕದ 26 ರಾಜ್ಯಗಳಿಂದಲೂ ಕೆನಡಾದಿಂದಲೂ ಸುಮಾರು ಒಂದು ಸಾವಿರ ಕ್ರೀಡಾಪಟುಗಳು ಬಂದಿದ್ದರು. ಓಟ, ಜಿಗಿತ, ಎಸೆತ, ಈಜು, ನೆಲಹಾಕಿಗಳಲ್ಲಿ ಸ್ಪರ್ಧೆಗಳು ನಡೆದವು. ಆ ವಿಶಾಲ ಕ್ರೀಡಾಂಗಣದ ಆಸನಗಳು ಬಹುಪಾಲು ಖಾಲಿಯಾಗಿದ್ದವು. ನೋಡಲು ಬಂದ ಜನ ತೀರ ಕಡಿಮೆ. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಎಂಬ ಸಂಸ್ಥೆ ವಿಧ್ಯುಕ್ತವಾಗಿ ಜನ್ಮತಾಳಿತು. 1988ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಮಾನ್ಯತೆ ನೀಡಿತು. 2003ರಲ್ಲಿ ಬೇಸಿಗೆಯ ವಿಶ್ವಕೂಟ ಮೊದಲ ಬಾರಿಗೆ ಅಮೆರಿಕದಿಂದ ಹೊರಗೆ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜರುಗಿದಾಗ ಸುಮಾರು ಏಳು ಸಾವಿರ ಕ್ರೀಡಾಪಟುಗಳು ಸೇರಿದ್ದರು. ಐರ್ಲೆಂಡಿನ ಊರೂರುಗಳು ಒಂದೊಂದು ದೇಶದ ತಂಡವನ್ನು ಅತಿಥಿಗಳಾಗಿ ಬರಮಾಡಿಕೊಂಡವು. 2007ರಲ್ಲಿ ಆ ಕೂಟ ಚೀನದ ಶಾಂಘೈಗೆ ಬಂತು.

ಈ ಕ್ರೀಡೆಗಳ ನಿಯಮವೂ ಅರಿಯತಕ್ಕದ್ದು. ಸ್ಪರ್ಧಿಗಳನ್ನು ವಯಸ್ಸು, ಲಿಂಗ, ಹಾಗೂ ಪೂರ್ವಭಾವಿ ಸ್ಪರ್ಧೆಯಲ್ಲಿ ಕಂಡ ಸಾಮರ್ಥ್ಯ ಇವುಗಳಿಗನುಸಾರವಾಗಿ ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸುತ್ತಾರೆ. ಬಲ್ಲವನು ಬಲ್ಲವನೊಡನೆ, ಎಳಸು ಎಳಸಿನೊಡನೆ ಸೆಣಸಬೇಕು. ಮೊದಲ ಮೂವರಿಗೆ ಪದಕ; ನಾಲ್ಕರಿಂದ ಎಂಟನೆಯವರವರೆಗೆ ರಿಬ್ಬನ್ನಿನ ಗೌರವ. ಎಲ್ಲರಿಗೂ ಮನ್ನಣೆಯುಂಟು, ಆದರೆ ಸ್ಪರ್ಧೆ ಸುಳ್ಳಲ್ಲ. ಕನಿಕರದಿಂದ ಕೊಟ್ಟ ಬಹುಮಾನಕ್ಕೂ ಬೆವರು ಸುರಿಸಿ ಗಳಿಸಿದ ಬಹುಮಾನಕ್ಕೂ ಇರುವ ಅಂತರವನ್ನು ಈ ಮಕ್ಕಳು ಚೆನ್ನಾಗಿ ಅರಿಯಬಲ್ಲರು.

ಆಕ್ಷೇಪ ಮತ್ತು ತಿದ್ದುಪಡಿ

ಇಂಥ ಕಾರ್ಯಕ್ಕೂ ಆಕ್ಷೇಪಗಳು ಬಾರದಿರಲಿಲ್ಲ. ಬುದ್ಧಿಮಾಂದ್ಯರಿಗೆಂದೇ ಪ್ರತ್ಯೇಕ ಕೂಟ ನಡೆಸಿದರೆ ಅವರನ್ನು ಮತ್ತಷ್ಟು ಪ್ರತ್ಯೇಕಗೊಳಿಸಿದಂತಾಗದೆ ಎಂದು ವಿಚಾರವಂತರು ಕೇಳಿದರು. ಆರಂಭದ ವರ್ಷಗಳಲ್ಲಿ, ಗುರಿ ಮುಟ್ಟಿದ ಓಟಗಾರರನ್ನು ಅಪ್ಪಿಕೊಳ್ಳುವುದಕ್ಕೆಂದೇ ಸ್ವಯಂಸೇವಕರನ್ನು ನಿಲ್ಲಿಸುತ್ತಿದ್ದರು. ಬೆಳೆದ ಕ್ರೀಡಾಪಟುವನ್ನು ಹಸುಳೆಯಂತೆ ಕಾಣುವ ಈ ಪದ್ಧತಿ ಟೀಕೆಗೊಳಗಾಗಿ ಕ್ರಮೇಣ ನಿಂತುಹೋಯಿತು.

ಆಕ್ಷೇಪಕ್ಕೆ ದೊರೆತ ಉತ್ತರವು ಒಂದರ್ಥದಲ್ಲಿ ಟಿಂಬರ್‌ಲಾನಿನ ಅಂಗಳಕ್ಕೇ ಹಿಂದಿರುಗುವಂಥದಾಗಿತ್ತು. 1989ರಲ್ಲಿ ಯೂನಿಫೈಡ್ ಸ್ಪೋರ್ಟ್ಸ್, ಎಂದರೆ ಕೂಡುಕ್ರೀಡೆಗಳು ಆರಂಭವಾದವು. ಇದರಲ್ಲಿ ಒಂದೇ ತಂಡದಲ್ಲಿ ಬೌದ್ಧಿಕ ನ್ಯೂನತೆಯುಳ್ಳವರೂ ಇಲ್ಲದವರೂ ಒಂದೇ ಬಣ್ಣದ ಅಂಗಿ ತೊಟ್ಟು ಆಡುತ್ತಾರೆ. ಜೊತೆಗಾರನಾದ ತರುಣ ಅಲ್ಲಿ ಸಹಾಯಕನಲ್ಲ, ಸಹ ಆಟಗಾರ. ಚೆಂಡು ಇಬ್ಬರಿಗೂ ಬರಬೇಕು, ಸೋಲು ಗೆಲುವು ಇಬ್ಬರಿಗೂ ಸೇರಬೇಕು. ಅದೇ ವರ್ಷ ಯೂನಿಸ್ ಅವರ ಕಿರಿಯ ಮಗ ಆ್ಯಂಟನಿಯವರು, ಕಾಲೇಜು ವಿದ್ಯಾರ್ಥಿಗಳು ಇಂಥವರೊಡನೆ ಸ್ನೇಹ ಬೆಳೆಸುವ ಬೆಸ್ಟ್ ಬಡೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಎರಡನೆಯ ಮಗ ತಿಮೋತಿಯವರು ತಾಯಿ ಕಟ್ಟಿದ ಸಂಸ್ಥೆಯ ಹೊಣೆ ಹೊತ್ತರು. ಶಿಬಿರದ ನೀರಿನಲ್ಲಿ ಆಡಿ ಬೆಳೆದ ಮಕ್ಕಳು ಆ ಆಟವನ್ನು ಮರೆಯಲಿಲ್ಲ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಈ ಕಾರ್ಯ 1980ರ ದಶಕದಲ್ಲಿ ಬೇರೂರಿತು. 2001ರಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಎಂಬ ಸಂಸ್ಥೆ ನೋಂದಣಿಗೊಂಡಿತು. 2019ರ ಅಬುಧಾಬಿ ಕೂಟದಲ್ಲಿ ನಮ್ಮ ದೇಶದ ತಂಡ 368 ಪದಕಗಳನ್ನೂ, 2023ರ ಬರ್ಲಿನ್ ಕೂಟದಲ್ಲಿ 76 ಸ್ವರ್ಣ ಸಹಿತ 202 ಪದಕಗಳನ್ನೂ ಗಳಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಬೌದ್ಧಿಕ ನ್ಯೂನತೆಯನ್ನು ಗುರುತಿಸಿರುವುದಲ್ಲದೆ, ಕ್ರೀಡೆಗಳಲ್ಲಿ ಭಾಗವಹಿಸುವ ಹಕ್ಕಿಗೆ ತನ್ನ 30ನೆಯ ಪ್ರಕರಣವನ್ನೇ ಮೀಸಲಿರಿಸಿದೆ. ನಮ್ಮ ದಾವಣಗೆರೆಯಲ್ಲಿಯೂ ವಿಕಲಚೇತನರ ತರಬೇತಿ ಹಾಗೂ ಪುನರ್ವಸತಿಗಾಗಿ ಕೇಂದ್ರ ಸರಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಸ್ಥಾಪನೆಯಾಗಿದೆ.

ಕಾನೂನು ಬಂದಿದೆ, ಕೇಂದ್ರ ಬಂದಿದೆ. ಉಳಿದಿರುವುದು ನೆರೆಹೊರೆಯ ಕೆಲಸ. ದೇವರಾಜ ಅರಸು ಬಡಾವಣೆಯಾಗಲಿ, ಹರಿಹರದ ಯಾವುದೇ ಓಣಿಯಾಗಲಿ, ಸಂಜೆ ಐದಾಯಿತೆಂದರೆ ಮಕ್ಕಳ ಕೇಕೆ ಕೇಳದ ಬಯಲಿಲ್ಲ. ಆ ಕೇಕೆಯನ್ನು ಗೇಟಿನ ಒಳಗಿನಿಂದಲೇ ಕೇಳುತ್ತ ನಿಂತ ಮಗು ನಮ್ಮ ಊರುಗಳಲ್ಲಿಯೂ ಉಂಟು. ಅದನ್ನು ಹೊರಗೆ ಕರೆಯಲು ದೊಡ್ಡ ಕಟ್ಟಡ ಬೇಕಿಲ್ಲ, ವಿದೇಶದ ಸಲಕರಣೆ ಬೇಕಿಲ್ಲ. ಶಾಲೆಯ ವಾರ್ಷಿಕ ಕ್ರೀಡೋತ್ಸವದಲ್ಲಿ ಅಂಥ ಮಕ್ಕಳಿಗೊಂದು ಪ್ರತ್ಯೇಕ ಓಟವಿಟ್ಟು ಚಪ್ಪಾಳೆ ತಟ್ಟುವುದು ಸುಲಭ. ವರ್ಷವಿಡೀ ವಾರಕ್ಕೊಂದು ಸಂಜೆ, ನಮ್ಮ ಎಂಟು ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ಅವರೊಡನೆ ಒಂದೇ ತಂಡವಾಗಿ ಚೆಂಡಾಟವನ್ನೋ ರಿಲೇ ಓಟವನ್ನೋ ಅಭ್ಯಾಸ ಮಾಡುವುದು ಕಷ್ಟ. ಆದರೆ ಗೆಳೆತನ ಹುಟ್ಟುವುದು ಈ ಎರಡನೆಯದರಲ್ಲಿ. ಸಂಗಾತಿಯ ಕೈಯಿಂದ ಕೋಲನ್ನು ಪಡೆದು ಓಡುವ ವಿದ್ಯಾರ್ಥಿ ತಾಳ್ಮೆಯನ್ನು, ಕಾಯುವುದನ್ನು, ಇನ್ನೊಬ್ಬರ ವೇಗಕ್ಕೆ ತನ್ನ ವೇಗವನ್ನು ಹೊಂದಿಸಿಕೊಳ್ಳುವುದನ್ನು ಕಲಿಯುತ್ತಾನೆ. ನೀತಿಪಾಠದ ಅವಧಿಯಲ್ಲಿ ಇವನ್ನು ಬಾಯಿಮಾತಿನಲ್ಲಿ ಕಲಿಸುವುದು ಎಷ್ಟು ಕಷ್ಟವೆಂಬುದು ಶಿಕ್ಷಕರಿಗೆ ತಿಳಿದೇ ಇದೆ.

ಕೊನೆಯ ದಿನಗಳು

ಯೂನಿಸ್ ಅವರನ್ನು ಅನೇಕ ಪ್ರಶಸ್ತಿಗಳು ಅರಸಿ ಬಂದವು. 1984ರಲ್ಲಿ ಅಮೆರಿಕದ ಅತ್ಯುಚ್ಚ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕವನ್ನು ಅಧ್ಯಕ್ಷ ರೇಗನ್ ಅವರು ಪ್ರದಾನ ಮಾಡಿದರು. 1995ರಲ್ಲಿ ಆ ದೇಶದ ಬೆಳ್ಳಿಯ ನಾಣ್ಯವೊಂದರ ಮೇಲೆ ಅವರ ಮುಖಮುದ್ರೆ ಮೂಡಿತು. ಜೀವಂತವಾಗಿದ್ದ ಮಹಿಳೆಯೊಬ್ಬರಿಗೆ ಅಲ್ಲಿ ಆ ಮನ್ನಣೆ ಸಂದದ್ದು ಅದೇ ಮೊದಲು. 1962ರಲ್ಲಿ ಅವರ ಪ್ರೇರಣೆಯಿಂದ ಹುಟ್ಟಿದ ಸಂಶೋಧನ ಸಂಸ್ಥೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು. ಅಕ್ಕ ರೋಸ್‌ಮೇರಿ 86 ವರ್ಷಗಳ ಬಾಳನ್ನು ಮುಗಿಸಿ 2005ರ ಜನವರಿ 7ರಂದು ಕಣ್ಮುಚ್ಚಿದರು. ಬಹುಕಾಲ ಮರೆಯಲ್ಲಿದ್ದ ಆಕೆ ಅಷ್ಟರಲ್ಲಿ ತಂಗಿಯ ಮನೆಗೂ ಬಂದುಹೋಗುವ, ಬಂಧುಬಳಗದ ನಡುವೆ ಕುಳಿತುಕೊಳ್ಳುವ ಹಿರಿಯಳಾಗಿದ್ದರು. ಯೂನಿಸ್ ಅವರು 2009ರ ಆಗಸ್ಟ್ 11ರಂದು, ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದರು.

ಆ ವರ್ಷದ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿ ಅವರ ವರ್ಣಚಿತ್ರವನ್ನು ಅನಾವರಣಗೊಳಿಸಲಾಗಿತ್ತು. ದೊಡ್ಡವರ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಯೂನಿಸ್ ಅವರ ಚಿತ್ರ ಹಾಗಿಲ್ಲ. ಸಮುದ್ರತೀರದ ಬಯಲಿನಲ್ಲಿ ಅವರ ಸುತ್ತ ಬೌದ್ಧಿಕ ನ್ಯೂನತೆಯುಳ್ಳ ಕ್ರೀಡಾಪಟುಗಳು ನಿಂತಿದ್ದಾರೆ. ಹಾಯಿದೋಣಿಯಲ್ಲಿ ಅಕ್ಕನಿಗೆ ಒಂದು ಜಾಗ ಮಾಡಿಕೊಟ್ಟ ಹುಡುಗಿ, ತನ್ನ ಚಿತ್ರದಲ್ಲಿಯೂ ಅವಳಂಥವರಿಗೆ ಜಾಗ ಮಾಡಿಕೊಟ್ಟಳು. ನಮ್ಮ ಶಾಲೆಗಳ ಆಟದ ಬಯಲುಗಳು ವಿಶಾಲವಾಗಿವೆ. ಅಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಮಾಡಿಕೊಡುವುದು ಅವರ ಸ್ಮರಣೆಗೆ ಸಲ್ಲಿಸಬಹುದಾದ ಯೋಗ್ಯ ಗೌರವ.